ಸಂದಿ ಇದ್ದ ಬೀದಿ

ಸ್ಟುಡಿಯೋ ಮಾವನ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಸದಾ ಬೂದುಬಣ್ಣದ ಸಣ್ಣ ಗೆರೆಗಳಿರುತ್ತಿದ್ದವು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನ ಮೊನೆಯನ್ನು ಅವರು ಪರೀಕ್ಷಿಸುತ್ತಿದ್ದುದು ಆ ಉಗುರಿನ ಮೇಲೆ. ಮದುವೆ ಹೆಣ್ಣುಗಳ ಮೊಡವೆ, ಸಿಡುಬಿನ ಕಲೆ, ಕಣ್ಣ ಕೆಳಗಿನ ಕಪ್ಪು, ಎಲ್ಲವನ್ನೂ ನೆಗೆಟಿವ್ ಮೇಲೆಯೇ ತಿದ್ದಿಬಿಡುತ್ತಿದ್ದರು. ನನ್ನ ಮದುವೆ ಫೋಟೋದಲ್ಲಿ ನಾನು ಇರುವುದಕ್ಕಿಂತ ಲಕ್ಷಣವಾಗಿ ಕಾಣುವುದಕ್ಕೆ ಅವರೇ ಕಾರಣ ಎಂದು ನನ್ನ ಗಂಡ ಇವತ್ತಿಗೂ ಆಡಿಕೊಳ್ಳುತ್ತಾರೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಸೊಸೆಯಾಗಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ನಮ್ಮ ಮಾವನವರ ಬಾಲ್ಯದ ಗೆಳೆಯರು. ಬೀದಿಯ ತುದಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದರಿಂದ ನನಗೆ ಸ್ಟುಡಿಯೋ ಮಾವ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ. ಹುರುಳಿ ಸಾರು ಮಾಡಿದ ದಿನ ಕರೆಯದಿದ್ದರೂ ವಾಸನೆ ಹಿಡಿದು ಬರುತ್ತಿದ್ದರು.

ಬೇರೆ ಸ್ಟುಡಿಯೋಗಳ ಗಾಜಿನ ಪೆಟ್ಟಿಗೆಯಲ್ಲಿ ಮದುವೆ ಜೋಡಿಗಳಿದ್ದರೆ ಇವರ ಪೆಟ್ಟಿಗೆಯಲ್ಲಿ ಬೀದಿಗಳ ಜೋಡಿಗಳಿರುತ್ತಿದ್ದವು. ಹುಡುಗುಪ್ರಾಯದಲ್ಲಿ ಗಾಜಿನ ಪ್ಲೇಟಿನ ಕ್ಯಾಮೆರಾ ಹೊತ್ತು ಊರಿನ ಬೀದಿ, ಕಟ್ಟಡಗಳನ್ನೆಲ್ಲ ತೆಗೆದಿದ್ದರಂತೆ. ವಯಸ್ಸಾದ ಮೇಲೆ ಅದೇ ಜಾಗಗಳಿಗೆ ಹೋಗಿ ಮತ್ತೆ ತೆಗೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಅಂಟಿಸುತ್ತಿದ್ದರು. ಎಡಗಡೆ ನಾಡಹೆಂಚಿನ ಸಾಲುಮನೆ, ಜಗಲಿಯ ಮೇಲೆ ಕೂತು ನೂಲು ಸುತ್ತುವ ಹೆಂಗಸರು. ಬಲಗಡೆ ಅದೇ ಸಾಲಿನಲ್ಲಿ ಆರ್‌ಸಿಸಿ ಮನೆ, ಎಸ್‌ಟಿಡಿ ಬೂತಿನ ಹಳದಿ ಬೋರ್ಡು, ಜಗಲಿ ಇದ್ದಲ್ಲಿ ರೋಲಿಂಗ್ ಶಟರ್. ಎಡಗಡೆ ಜಟಕಾಗಳು ನಿಲ್ಲುವ ಹುಣಸೆಮರ. ಬಲಗಡೆ ಮರವಿಲ್ಲ, ಆಟೋಗಳಿವೆ.

ಸುಮ್ಮನೆ ಹೋಗಿ ತೆಗೆಯುವ ಆಸಾಮಿ ಅಲ್ಲ ಅವರು. ಹಳೆಯ ಫೋಟೋ ಯಾವ ತಿಂಗಳಿನದೋ ಅದೇ ತಿಂಗಳು, ಅದೇ ಹೊತ್ತು ಆಗಬೇಕು. ಹಳೆಯದರಲ್ಲಿ ಗುಡಿಯ ನೆರಳು ಚರಂಡಿಯ ಯಾವ ಕಲ್ಲಿನ ಮೇಲಿದೆಯೋ ಈಗಲೂ ಅದೇ ಕಲ್ಲಿಗೆ ಬರುವ ತನಕ ಸ್ಟ್ಯಾಂಡ್ ಹೂಡಿ ನಿಲ್ಲುತ್ತಿದ್ದರು. ಹಾದುಹೋಗುವವರು ರೇಗಿಸುತ್ತಿದ್ದರು.

"ಏನ್ ಗುರುಗಳೇ, ಇನ್ನೂ ಬಿಸಿಲು ಬರ್ಲಿಲ್ವಾ?"

"ಬರ್ತದೆ ಕಣಪ್ಪ, ನೀನ್ ಅಡ್ಡ ಬರ್ಬೇಡ."

ಒಮ್ಮೆ ನಾನೇ ಕೇಳಿದ್ದೆ, ಇಷ್ಟೆಲ್ಲ ಯಾಕೆ ಮಾವ ಎಂದು. "ನೆರಳು ತಪ್ಪಿದ್ರೆ ಯಾವನಾದ್ರೂ ಇದು ನಮ್ ಬೀದಿ ಅಲ್ಲ ಅಂದ್ಬಿಡ್ತಾನೆ ಕಣಮ್ಮ. ಒಬ್ನೂ ಹಂಗನ್ಬಾರ್ದು" ಎಂದರು. ಒಬ್ಬರೂ ಅನ್ನಲಿಲ್ಲ. ಊರಿನಲ್ಲಿ ಅವರ ಫೋಟೋ ಎಂದರೆ ಸಾಕ್ಷಿಗಿಂತ ಹೆಚ್ಚು. ಸಂತೆಗೆ ಬಂದವರು ಪೆಟ್ಟಿಗೆಯ ಮುಂದೆ ನಿಂತು, "ಇಲ್ನೋಡ್ಲಾ, ನಮ್ ತಾತನ ಮನೆ" ಎಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಸಂಜೆ ಆ ಬೆರಳಿನ ಗುರುತುಗಳನ್ನು ಒರೆಸುವುದೇ ಅವರಿಗೊಂದು ಕೆಲಸ.

ನಮ್ಮ ಬೀದಿಯ ಜೋಡಿ ಮಾತ್ರ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಯಾಕೆ ಎಂದು ಎಷ್ಟೋ ದಿನ ನನಗೆ ಹೊಳೆದಿರಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಗಂಡ ಸತ್ತ ಹೆಂಗಸೊಬ್ಬರು ಮಗಳ ಜೊತೆ ಇದ್ದರು. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ಅವರ ಮನೆಯ ಹಿಂಭಾಗದಲ್ಲಿ ದೊಡ್ಡದೊಂದು ಮಗ್ಗದ ಕೋಣೆ ಖಾಲಿ ಬಿದ್ದಿತ್ತು. ಮಗಳಿಗೆ ಮದುವೆಯಾದಾಗ ಅಳಿಯ ಅಲ್ಲೇ ಪವರ್‌ಲೂಮ್ ಹಾಕಿಕೊಂಡು ಅತ್ತೆಯ ಜೊತೆಗಿರಲು ಒಪ್ಪಿದ. ಆದರೆ ಮುಂಬಾಗಿಲಿನಲ್ಲಿ ಮಗ್ಗ ಹಿಡಿಸುವುದಿಲ್ಲ. ಆಗ ದೊಡ್ಡಮ್ಮ ಬಾಯಿಬಿಟ್ಟರು. ಎರಡು ಮನೆಗಳ ನಡುವೆ ಮೊದಲು ಇಬ್ಬರಿಗೂ ಸೇರಿದ ಸಂದಿಯೊಂದಿತ್ತು, ಹಿಂದಿನ ಕೋಣೆಗೆ ಅದೇ ದಾರಿ, ಗಂಡ ಸತ್ತ ವರ್ಷ ನಮ್ಮ ಮಾವ ಅದಕ್ಕೆ ಗೋಡೆ ಎತ್ತಿ ಚಾವಣಿ ಹಾಕಿಕೊಂಡರು ಎಂದರು. ಇಪ್ಪತ್ತು ವರ್ಷದ ಹಿಂದಿನ ಮಾತು. ಆ ಜಾಗದಲ್ಲಿ ಈಗ ನಮ್ಮ ನಾಲ್ಕು ಪವರ್‌ಲೂಮ್ ಓಡುತ್ತಿದ್ದವು. ಸಂದಿಯೇ ಇರಲಿಲ್ಲ ಎಂದರು ನಮ್ಮ ಮಾವ.

ಕುಲದ ಯಜಮಾನರು ಸೇರಿದರು. ಒಬ್ಬೊಬ್ಬರ ನೆನಪು ಒಂದೊಂದು ಥರ. ಕೊನೆಗೆ ಹಿರಿಯ ಯಜಮಾನರು, "ಸ್ಟುಡಿಯೋದೋರ ಹತ್ರ ಈ ಬೀದಿದು ಹಳೇ ಪ್ಲೇಟಿರ್ತದೆ. ಅದ್ರಲ್ಲಿ ಹೆಂಗದೆಯೋ ಹಂಗೆ" ಎಂದರು. ದೊಡ್ಡಮ್ಮ ಸಂತೋಷದಿಂದಲೇ ಒಪ್ಪಿದರು. ಆ ಸಂಜೆ ನಮ್ಮ ಮಾವ ಸ್ಟುಡಿಯೋ ಕಡೆ ಹೋದವರು ಬಹಳ ಹೊತ್ತು ಬರಲಿಲ್ಲ.

ಮಾರನೆಯ ದಿನ ಸ್ಟುಡಿಯೋ ಮಾವ ಊಟಕ್ಕೆ ಬಾರದಿದ್ದುದರಿಂದ ಕರೆಯಲು ಹೋದೆ. ಕಿಟಕಿಯ ಬೆಳಕಿಗೆ ಗಾಜಿನ ಪ್ಲೇಟೊಂದನ್ನು ಓರೆಯಾಗಿಟ್ಟು ಬಗ್ಗಿ ಕೂತಿದ್ದರು. ನನ್ನನ್ನು ಕಂಡವರೇ ಟವೆಲ್ ಮುಚ್ಚಿದರು.

"ನಡಿಯಮ್ಮ, ಬರ್ತೀನಿ."

ಉಗುರು ಪೂರ್ತಿ ಕಪ್ಪಾಗಿತ್ತು. ಅವರು ಬರಲಿಲ್ಲ.

ಯಜಮಾನರ ಜಗಲಿಯ ಮೇಲೆ ಆ ಫೋಟೋ ತೋರಿಸಿದಾಗ ನಾನೂ ಹೆಂಗಸರ ಜೊತೆ ನಿಂತಿದ್ದೆ. ನಮ್ಮ ಮನೆ, ದೊಡ್ಡಮ್ಮನ ಮನೆ, ನಡುವೆ ಬೆಳ್ಳಗೆ ಒಂದೇ ಗೋಡೆ. ನೆಗೆಟಿವ್‌ನಲ್ಲಿ ಕತ್ತಲಿನ ಜಾಗ ಬರಿ ಗಾಜಿನಂತಿರುತ್ತದೆ, ಅಲ್ಲಿ ಪೆನ್ಸಿಲ್ ಆಡಿಸಿದರೆ ಪ್ರಿಂಟಿನಲ್ಲಿ ಬೆಳ್ಳಗೆ ಬರುತ್ತದೆ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಕತ್ತಲ ಸಂದಿಯೊಂದು ಮದುಮಗಳ ಮೊಡವೆಯ ಹಾಗೆ ಮಾಯವಾಗಿತ್ತು. ಸಂದಿ ನೆನಪಿದ್ದವರೂ ಫೋಟೋ ನೋಡಿ ಸುಮ್ಮನಾದರು. ದೊಡ್ಡಮ್ಮ ಅದನ್ನು ಬಿಸಿಲಿಗೆ ಹಿಡಿದು, ಕನ್ನಡಕ ಒರೆಸಿಕೊಂಡು, ಮತ್ತೆ ಮತ್ತೆ ನೋಡಿದರು.

"ಹಂಗಾದ್ರೆ ನಾನೇ ಮರ್ತಿರ್ಬೇಕು" ಎಂದರು. ನಮ್ಮ ಮಾವನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಅಣ್ಣಯ್ಯ" ಎಂದು ಕೈಮುಗಿದರು.

ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ಬಂದು ಎರಡು ವರ್ಷವಾಗಿದ್ದ ಸೊಸೆ, ಹೊಟ್ಟೆಯಲ್ಲಿ ಮಗು, ಮಗ್ಗಗಳು ನಮ್ಮವು. ಕಾರಣಗಳಿಗೇನು ಬರ. ಎರಡು ತಿಂಗಳಲ್ಲಿ ದೊಡ್ಡಮ್ಮ ಮನೆ ಮಾರಿ ಮಗಳು ಅಳಿಯನ ಜೊತೆ ಸಾಸಲಿಗೆ, ಅಳಿಯನ ಊರಿಗೆ, ಹೊರಟುಹೋದರು.

ಅದಾದ ಮೇಲೆ ಸ್ಟುಡಿಯೋ ಮಾವ ಬೀದಿಗೆ ಕ್ಯಾಮೆರಾ ತರಲಿಲ್ಲ. ಪೆಟ್ಟಿಗೆಯಲ್ಲಿ ಮದುವೆ ಜೋಡಿಗಳು ಬಂದವು. ಯಾರಾದರೂ ಕೇಳಿದರೆ "ಬಿಸಿಲು ಸರಿಯಿಲ್ಲ" ಎನ್ನುತ್ತಿದ್ದರು. ಊರು ಅಡಿಮೇಲಾಗಿದ್ದು ಆ ವರ್ಷಗಳಲ್ಲೇ. ಹೆಂಚಿನ ಮನೆಗಳು ಒಂದೊಂದಾಗಿ ಉರುಳಿದವು, ಕೈಮಗ್ಗದ ಗುಂಡಿಗಳಿಗೆ ಮಣ್ಣು ತುಂಬಿ ಅಂಗಡಿ ಕಟ್ಟಿದರು, ಬೆಂಗಳೂರಿನ ಬಸ್ಸುಗಳು ಹೆಚ್ಚಿದವು. ಅದರ ಒಂದು ಫೋಟೋವೂ ಇವತ್ತು ಯಾರ ಹತ್ತಿರವೂ ಇಲ್ಲ. ಸ್ಟುಡಿಯೋ ಮಾವ ಊಟಕ್ಕೂ ಬರುವುದನ್ನು ಬಿಟ್ಟರು. ನಾನೇ ಕ್ಯಾರಿಯರ್ ಒಯ್ಯುತ್ತಿದ್ದೆ. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ.

ಐದಾರು ವರ್ಷ ಕಳೆದಿರಬೇಕು. ಅವರಿಗೆ ಕೆಮ್ಮು ಬಲವಾಗಿತ್ತು. ಒಂದು ದಿನ ಕ್ಯಾರಿಯರ್ ಮುಚ್ಚಳ ತೆಗೆಯದೆ ಕೂತು, "ಸಾಸಲಿಗೆ ಹೋಗ್ಬೇಕು ಕಣಮ್ಮ. ಒಬ್ನೇ ಹೋಗಕ್ಕೆ ಧೈರ್ಯ ಸಾಲ್ದು. ನೀನ್ ಬರ್ತೀಯಾ?" ಎಂದರು. ಆಸ್ಪತ್ರೆಗೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋದೆ.

ದೊಡ್ಡಮ್ಮನ ಮಗಳು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಅಮ್ಮ ಒಳಗಿದ್ದಾರೆ ಎಂದವಳು ದನಿ ತಗ್ಗಿಸಿ ಹೇಳಿದಳು: "ಆ ಫೋಟೋ ನೋಡ್ದಾಗಿಂದ ಅಮ್ಮಂಗೆ ತನ್ ಮಾತಿನ್ ಮೇಲೇ ನಂಬ್ಕೆ ಇಲ್ಲ. ಸಾರಿಗೆ ಉಪ್ಪು ಹಾಕಿದ್ನಾ ಅಂತ ಮೂರ್ಮೂರು ಸಲ ನನ್ನೇ ಕೇಳ್ತಾರೆ. ಅಪ್ಪನ್ ಬಗ್ಗೆ ಏನಾದ್ರೂ ಹೇಳಕ್ಕೆ ಬಂದ್ರೆ, ನಂಗ್ ಸರ್ಯಾಗ್ ಗ್ಯಾಪ್ಕ ಇಲ್ಲ ಅಂತ ಅರ್ಧಕ್ಕೇ ನಿಲ್ಲಿಸ್ತಾರೆ."

ನಾನು ಸ್ಟುಡಿಯೋ ಮಾವನನ್ನು ಒಳಗೆ ಕರೆದೊಯ್ದೆ. ಚಾಪೆಯ ಮೇಲೆ ಕೂತು, ಪೆನ್ಸಿಲ್ ಒರೆಸಿ ಹೊಸದಾಗಿ ತೆಗೆದಿದ್ದ ಪ್ರಿಂಟನ್ನು ದೊಡ್ಡಮ್ಮನ ಕೈಗೆ ಕೊಟ್ಟರು. ಎರಡು ಮನೆಗಳ ನಡುವೆ ಸಂದಿ, ಅದರ ಬಾಯಲ್ಲಿ ದೊಡ್ಡಮ್ಮನ ಗಂಡ ನೂಲಿನ ಕಟ್ಟು ಹೊತ್ತು ನಿಂತಿದ್ದರು. ಅವರನ್ನೂ ಅಳಿಸಿದ್ದರು ಎಂಬುದು ನನಗೆ ಗೊತ್ತಾದದ್ದು ಆಗಲೇ.

"ಸಂದಿ ಇತ್ತು ತಾಯಿ. ನೀವು ಮರ್ತಿರ್ಲಿಲ್ಲ. ನಾನೇ ಮುಚ್ಚಿದ್ದು."

ದೊಡ್ಡಮ್ಮ ಗಂಡನ ಮುಖವನ್ನು ನೋಡುತ್ತಲೇ ಇದ್ದರು. ಆಮೇಲೆ ಮಗಳನ್ನು ಕೂಗಿ, "ನೋಡೇ, ನನ್ ತಲೆ ಸರ್ಯಾಗೇ ಇತ್ತು" ಎಂದರು. ಮತ್ತೆ ಅವರ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಬೇರೆ ಯಾರ್ ತೋರ್ಸಿದ್ರೂ ನಂಬ್ತಿರ್ಲಿಲ್ಲ. ನೀವ್ ತೋರ್ಸಿದ್ರಿ."

ಕ್ಷಮಿಸಿದೆ ಎನ್ನಲಿಲ್ಲ, ಇವರೂ ಕೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ದಾರಿಯುದ್ದಕ್ಕೂ ಅತ್ತರು. ನನಗೂ ಅಳು ಬಂತು, ಆದರೆ ಅಳುವ ಹಕ್ಕು ನನಗಿದೆ ಎನಿಸಲಿಲ್ಲ. ಆ ವರ್ಷವೇ ಯುಗಾದಿಗೆ ಮುಂಚೆ ಸ್ಟುಡಿಯೋ ಮಾವ ತೀರಿಕೊಂಡರು. ನಮ್ಮ ಮಾವನವರು ಗೆಳೆಯನಿಗೆ ಹೆಗಲು ಕೊಟ್ಟರು.

ರೋಗ ಹಿಡಿದ ಮುದುಕರು ಸಾಸಲಿನ ತನಕ ಹೋಗಿ ನಿಜ ಹೇಳಿ ಬಂದರು. ನಾನು ಹೇಳಬೇಕಾಗಿದ್ದುದು ನಮ್ಮ ಮನೆಯ ನಡುಮನೆಯಲ್ಲಿ, ನನ್ನ ಗಂಡನಿಗೆ. ಆ ನಾಲ್ಕು ಮಗ್ಗಗಳ ಕೆಳಗಿನ ನೆಲದಲ್ಲಿ ಅರ್ಧ ದೊಡ್ಡಮ್ಮನದು, ಅವರಿಗೆ ಅದನ್ನು ಕೊಡಬೇಕು ಎಂದು. ಮಾವನವರು ಇರುವ ತನಕ ಬೇಡ ಎಂದುಕೊಂಡೆ. ಅವರು ಹೋದ ಮೇಲೆ ವರ್ಷದ ಕಾರ್ಯ ಮುಗಿಯಲಿ ಎಂದುಕೊಂಡೆ. ಹೇಳಿದ ದಿನ ಗಂಡ ಚಪ್ಪಲಿ ಮೆಟ್ಟಿ, ಇವತ್ತೇ ಸಾಸಲಿಗೆ ಹೋಗೋಣ ನಡಿ ಎಂದರು. ನಾವು ಹೋದಾಗ ದೊಡ್ಡಮ್ಮನ ಹನ್ನೊಂದನೆಯ ದಿನದ ಅಡುಗೆ ಆಗುತ್ತಿತ್ತು.