ಮೊಣಕಾಲು ಮಡಚುವ ಪಾಠ

ನನ್ನ ಯೋಗದ ಕ್ಲಾಸಿಗೆ ಬರುವವರೆಲ್ಲ ಒಂದಲ್ಲ ಒಂದು ನೋವು ಹೊತ್ತುಕೊಂಡೇ ಬರುತ್ತಾರೆ. ಏನೂ ನೋವಿಲ್ಲದವರು ಬೆಳಿಗ್ಗೆ ಏಳೂವರೆಗೆ ಹಾಸಿಗೆ ಬಿಟ್ಟು ನನ್ನ ಬೈಗುಳ ಕೇಳಲು ಯಾಕೆ ಬಂದಾರು? ನಿವೃತ್ತ ಶಿಕ್ಷಕಿ ವತ್ಸಲಾಬಾಯಿಯವರಿಗೆ ಕುತ್ತಿಗೆ, ಬ್ಯಾಂಕಿನ ನಂದಕಿಶೋರ ಅವರಿಗೆ ಸೊಂಟ. ವಿಜಯಪುರದ ಅಥಣಿ ರಸ್ತೆಯಲ್ಲಿ ನಮ್ಮ ಲೇಔಟಿನ ಗುಡಿಯ ಹಿಂದೆ ಒಂದು ಸಭಾಭವನವಿದೆ, ಕ್ಲಾಸು ಅಲ್ಲೇ. ಶೀರ್ಷಾಸನ ಗೀರ್ಷಾಸನ ನನ್ನ ಹತ್ತಿರ ಇಲ್ಲ. ಕೈ ಎತ್ತುವುದು, ಇಳಿಸುವುದು, ಕಾಲು ಮಡಚುವುದು, ಬಿಡಿಸುವುದು, ಅಷ್ಟೇ. ಅದೂ ಎಷ್ಟು ನಿಧಾನವೆಂದರೆ, "ಮೃಣಾಲ, ನಿನ್ನ ಕ್ಲಾಸ್ನ್ಯಾಗ ನಿದ್ದಿ ಬರ್ತದ ನೋಡು" ಎಂದು ನನ್ನ ಗಂಡ ಸುರೇಶ ಆಡಿಕೊಳ್ಳುತ್ತಾನೆ. ಅವನಿಗೆ ಎಲ್ಲಿ ಕೂತರೂ ಬರುತ್ತದೆ, ಅದು ಬೇರೆ ಮಾತು.

ಹೋದ ವರ್ಷ ಶ್ರಾವಣ ಮುಗಿದ ಮೇಲೆ ಒಬ್ಬ ಹಿರಿಯರು ಬಂದು ಬಾಗಿಲಲ್ಲಿ ನಿಂತರು. ಬಿಳಿ ಧೋತರ, ತಲೆಗೆ ಟೊಪ್ಪಿಗೆ, ಹಣೆಗೆ ವಿಭೂತಿ, ಕಂಕುಳಲ್ಲಿ ಒಂದು ಕಂಬಳಿ. ಹೆಸರು ಸಂಗಣ್ಣ, ಊರು ಹೊನವಾಡ, ವಯಸ್ಸು ಅರವತ್ತೆಂಟು. ಎಲ್ಲರನ್ನೂ ಕೇಳುವಂತೆ ಅವರನ್ನೂ ಕೇಳಿದೆ.

"ಎಲ್ಲಿ ನೋಯ್ತದರಿ ಕಾಕಾ?"

"ಎಲ್ಲೂ ನೋಯಂಗಿಲ್ರಿ ಅಕ್ಕಾರ. ಕಾಲು ಮಡಚಂಗಿಲ್ಲ. ಪದ್ಮಾಸನ ಹಾಕೂದು ಕಲಸ್ರಿ."

"ಈ ವಯಸ್ಸಿಗೆ ಪದ್ಮಾಸನ ಯಾಕ ಬೇಕು? ಖುರ್ಚಿ ಮ್ಯಾಲ ಕೂತು ಮಾಡೂವು ಬೇಕಾದಷ್ಟವ."

"ಈಗ ಬ್ಯಾಡ್ರಿ. ಸತ್ತ ಮ್ಯಾಲ ಬೇಕಾಗತೈತಿ."

ನಂದಕಿಶೋರ ಜೋರಾಗಿ ನಕ್ಕರು. ಸಂಗಣ್ಣ ಕಾಕಾ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಬಸ್ಸಿನ ಹೊತ್ತು ಹೇಳಿದಷ್ಟೇ ಸಪ್ಪಗೆ ಹೇಳಿ, ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಎರಡೂ ಕಾಲು ನೀಡಿ ಕೂತರು.

ನಮ್ಮ ಮನೆಯಲ್ಲಿ ಸುಡುವ ಪದ್ಧತಿ, ಹೀಗಾಗಿ ನನಗೆ ಆ ಮಾತು ತಟ್ಟನೆ ಹೊಳೆಯಲಿಲ್ಲ. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಕಾಲು ಮಡಚಿ ಗೋಡೆಗೆ ಆನಿಸಿ ಕೂಡಿಸುತ್ತಾರೆ. ಬಂದವರು ದರ್ಶನ ಮಾಡುತ್ತಾರೆ, ಭಜನೆ ನಡೆಯುತ್ತದೆ, ಕೂತಂತೆಯೇ ಮಣ್ಣಿಗೆ ಇಳಿಸುತ್ತಾರೆ. ಹೊನವಾಡದಲ್ಲಿ ಹಾಗೆ ಕೂಡಿಸುವ ಕೆಲಸ ಮೂವತ್ತು ವರ್ಷ ಸಂಗಣ್ಣ ಕಾಕಾ ಅವರದೇ ಆಗಿತ್ತು. ಯಾರು ನೇಮಿಸಿದ್ದೂ ಅಲ್ಲ. ಗಟ್ಟಿ ಆಳು, ಕೈಗೆ ಅಳುಕಿಲ್ಲ ಎಂದು ಕರೆಯುತ್ತ ಕರೆಯುತ್ತ ರೂಢಿಯಾಗಿತ್ತು. ಯಾರದೇ ಮನೆಯಲ್ಲಿ ಜೀವ ಹೋದರೂ ಮೊದಲು ಪೂಜೆಯ ಅಯ್ಯನವರಿಗೆ, ಆಮೇಲೆ ಇವರಿಗೆ ಹೇಳಿ ಕಳಿಸುತ್ತಿದ್ದರು. ಮೈ ಬೆಚ್ಚಗಿರುವಾಗಲೇ ಕೂಡಿಸಿದರೆ ಸಲೀಸು. ತಡವಾದರೆ ಸೆಟೆದುಕೊಳ್ಳುತ್ತದೆ, ಆಗ ಬಲ ಹಾಕಬೇಕಾಗುತ್ತದೆ.

ಇದನ್ನೆಲ್ಲ ಅವರು ಕ್ಲಾಸು ಮುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ, ಚಹಾದಲ್ಲಿ ಬ್ರೆಡ್ಡು ಅದ್ದಿಕೊಳ್ಳುತ್ತ ಹೇಳಿದರು. ಅವರ ಹೆಂಡತಿ ಮುದುಕವ್ವ ಎರಡು ವರ್ಷದ ಹಿಂದೆ ನಿದ್ದೆಯಲ್ಲೇ ತೀರಿಕೊಂಡಿದ್ದರು. ಬೆಳಿಗ್ಗೆ ನೋಡುವ ಹೊತ್ತಿಗೆ ಮೈ ಕಟ್ಟಿಗೆಯಾಗಿತ್ತು. ಮೊದಲೇ ಮೊಣಕಾಲಿನ ಬೇನೆ, ಆಕೆ ಕಾಲು ಮಡಚಿ ಕೂತು ಹತ್ತು ವರ್ಷವಾಗಿತ್ತು. ತಿಕೋಟಾದಿಂದ, ಬಬಲೇಶ್ವರದಿಂದ ಬೀಗರು ಬಂದು ಅಂಗಳ ತುಂಬಿತ್ತು. ಲಗೂನ ಕೂಡಿಸ್ರಿ, ಪೂಜೆ ಆಗಬೇಕು ಎಂದು ಮಂದಿ ಒಂದೇ ಸಮನೆ ಅವಸರ ಮಾಡುತ್ತಿದ್ದರು. ಮಗ ಮಹಾದೇವ ಹಿಂದಿನಿಂದ ತಾಯಿಯ ಹೆಗಲು ಹಿಡಿದಿದ್ದ. ಕಾಕಾ ಎಲ್ಲರಿಗೂ ಮಾಡಿದಂತೆ ಮಾಡಿದರು. ಪಾದ ಹಿಡಿದು, ಮಂಡಿಯ ಮೇಲೆ ಮೈಭಾರ ಹಾಕಿ ಒತ್ತಿದರು.

"ಸಪ್ಪಳ ಆತ್ರಿ" ಅಂದರು.

"ಎಂಥಾ ಸಪ್ಪಳ?"

"ಒಣಾ ಕಟಗಿ ಮುರದಂಗ."

ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ಉಳಿಯಿತು. ಅವರು ತಮ್ಮ ಚಹಾ ಕುಡಿದು ಮುಗಿಸಿದರು. ಮಹಾದೇವ ಹೆಗಲು ಬಿಟ್ಟು ಎದ್ದು ಹೊರಗೆ ಹೋದನಂತೆ. ಅವತ್ತಿನಿಂದ ಅಪ್ಪನ ಜೊತೆ ಮಾತಿಲ್ಲ. ಒಂದೇ ಮನೆ, ಒಂದೇ ದ್ರಾಕ್ಷಿ ತೋಟ. ಏನು ಹೇಳುವುದಿದ್ದರೂ ಸೊಸೆ ಮಹಾನಂದಾಳ ಬಾಯಿಂದಲೇ ಬರಬೇಕು. ಕಾಕಾ ಹೆಂಡತಿಗಾಗಿ ಅತ್ತಿರಲಿಲ್ಲ. ಆಮೇಲೆ ಯಾರ ಮನೆಗೂ ಕೂಡಿಸಲು ಹೋಗಿರಲಿಲ್ಲ.

"ಅವತ್ತಿಂದ ನನಗ ಏನೂ ಹತ್ತೂದಿಲ್ರಿ. ಹಸಿವಿ ಹತ್ತೂದಿಲ್ಲ, ಥಂಡಿ ಹತ್ತೂದಿಲ್ಲ. ಇರ್ಲಿ, ಅದರದೇನೈತಿ. ನಾಳೆ ನಾ ಹ್ವಾದ್ರ ನನ್ನ ಕೂಡ್ಸಾಂವ ಮಾದೇವ. ಈಗ ನನ್ನ ಕಾಲೂ ಆಕಿ ಕಾಲಿನಂಗ ಆಗ್ಯಾವ. ಅವನ ಕೈಯಾಗ ಆ ಸಪ್ಪಳ ಬರಬಾರದ್ರಿ. ಅದಕ್ಕ ಮೊದಲ ಮಡಚಾಕ ಕಲಿಬೇಕು."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಜೀವ ಹೋದ ಮೇಲೆ ಎಂಥ ಯೋಗಿಯ ಮೈಯೂ ಸೆಟೆಯುತ್ತದೆ, ಈಗಿನ ಅಭ್ಯಾಸ ಆಗ ಕೆಲಸಕ್ಕೆ ಬರುವುದಿಲ್ಲ ಎಂಬ ಮಾತು ತುದಿ ನಾಲಿಗೆಗೆ ಬಂದಿತ್ತು. ನುಂಗಿಕೊಂಡೆ. ಮೊದಲ ಬಸ್ಸು ಹಿಡಿದು ಅಷ್ಟು ದೂರದಿಂದ ಬಂದವರಿಗೆ ಅದನ್ನು ಹೇಳುವ ಧೈರ್ಯ ನನಗೆ ಇರಲಿಲ್ಲ.

ಡಾಕ್ಟರಿಗೆ ತೋರಿಸಿ ಎಕ್ಸ್‌ರೇ ತಂದ ಮೇಲೆ ಕಲಿಸಲು ಶುರು ಮಾಡಿದೆ. ಮಂಡಿ ಸವೆದಿದೆ, ಹಗುರ ವ್ಯಾಯಾಮಕ್ಕೆ ಅಡ್ಡಿಯಿಲ್ಲ ಅಂದಿದ್ದರು ಡಾಕ್ಟರು. ವಾರಕ್ಕೆ ಮೂರು ದಿನ ಬರಬೇಕು. ಕಂಬಳಿಯನ್ನು ಎಂಟು ಮಡಿಕೆ ಮಾಡಿ ಮಂಡಿಯ ಕೆಳಗೆ ಇಡುವುದು, ಕಾಲನ್ನು ಅದರ ಮೇಲೆ ಬಿಡುವುದು, ಹತ್ತು ಉಸಿರು ಸುಮ್ಮನಿರುವುದು. ಉಸಿರು ಬಿಡುವಾಗ ಮಂಡಿ ತಾನಾಗಿ ಇಳಿದರೆ ಇಳಿಯಲಿ, ಇಲ್ಲವಾದರೆ ಬಿಡಲಿ. ಹದಿನೈದು ದಿನಕ್ಕೊಮ್ಮೆ ಕಂಬಳಿಯ ಒಂದು ಮಡಿಕೆ ಕಡಿಮೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನ್ರಿ?" ಎಂದು ನಂದಕಿಶೋರ ಚೇಷ್ಟೆ ಮಾಡಿದರು. ತಮ್ಮ ಸೊಂಟ ಬಗ್ಗಿಸಿ ಕಾಲ್ಬೆರಳು ಮುಟ್ಟಲು ಆಗದ ಮನುಷ್ಯ, ಗಾದೆಗೇನು ಬರವಿಲ್ಲ.

ಕಷ್ಟ ಇದ್ದದ್ದು ಬೇರೆ ಕಡೆ. ನೋವು ಬಂದಲ್ಲಿ ನಿಲ್ಲಿಸಿ ಎನ್ನುವುದು ನನ್ನ ಕ್ಲಾಸಿನ ಒಂದೇ ಕಾನೂನು. ಕಾಕಾ ಅವರಿಗೆ ನೋವೇ ಗೊತ್ತಾಗುತ್ತಿರಲಿಲ್ಲ. ನಾನು ಅತ್ತ ತಿರುಗಿದರೆ ಸಾಕು, ಒಂದು ಕೈಯಲ್ಲಿ ಪಾದ ಹಿಡಿದು, ಇನ್ನೊಂದು ಕೈ ಮಂಡಿಯ ಮೇಲಿಟ್ಟು, ಮೈಭಾರ ಹಾಕಿ ಒತ್ತುತ್ತಿದ್ದರು. ಮುಖದಲ್ಲಿ ಒಂದು ಗೆರೆ ಅಲ್ಲಾಡುತ್ತಿರಲಿಲ್ಲ. ಮುಂದಿನ ಕ್ಲಾಸಿಗೆ ಮಂಡಿ ಬಾತುಕೊಂಡು ಬರುತ್ತಿದ್ದರು. ಒಮ್ಮೆ ನನಗೆ ತಡೆಯಲಾಗಲಿಲ್ಲ.

"ಕಾಕಾ, ಅದು ನಿಮ್ಮ ಕಾಲರಿ! ಹೆಣದ್ದಲ್ಲ!"

ವತ್ಸಲಾಬಾಯಿ ನನ್ನನ್ನು ಸುಡುವ ಹಾಗೆ ನೋಡಿದರು. ಕಾಕಾ ತಮ್ಮ ಕೈಯನ್ನೇ ನೋಡಿಕೊಂಡು, "ಈ ಕೈಗೆ ಬ್ಯಾರೆ ಗೊತ್ತಿಲ್ರಿ ಅಕ್ಕಾರ" ಅಂದರು. ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ. ಅವರ ಎದುರಿಗೆ ಕೂತು ಅವರ ಅಂಗೈಯನ್ನು ಮಂಡಿಯ ಕೆಳಗೆ ಇಟ್ಟೆ. "ಮ್ಯಾಲಲ್ಲ, ಕೆಳಗ ಇಡ್ರಿ. ಒತ್ತಬ್ಯಾಡ್ರಿ. ಭಾರ ಹಿಡಕೊಂಡು ಕಾಯ್ರಿ, ಅಷ್ಟ" ಎಂದೆ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ. ಅವತ್ತಿನಿಂದ ಅಂಗೈ ಕೆಳಗೇ ಇತ್ತು.

ದಸರೆ ಹೋಯಿತು, ದೀಪಾವಳಿ ಹೋಯಿತು. ಕಂಬಳಿಯ ಮಡಿಕೆ ಎಂಟರಿಂದ ಮೂರಕ್ಕೆ ಬಂತು. ಕಾಕಾ ಬರುತ್ತಿದ್ದರು, ಕಾಯುತ್ತಿದ್ದರು, ಹೋಗುತ್ತಿದ್ದರು. ಚೆನ್ನಾಗಿದೆ ಅಂದರೂ ಹೂಂ, ಚೆನ್ನಾಗಿಲ್ಲ ಅಂದರೂ ಹೂಂ. ಇಷ್ಟು ತಿಂಗಳಲ್ಲಿ ಅವರ ಮುಖದಲ್ಲಿ ಸಂತೋಷವಾಗಲಿ ಬೇಸರವಾಗಲಿ ನಾನು ಕಾಣಲಿಲ್ಲ. ಮನೆಯಲ್ಲಿ ಮಗ ಮಾತಾಡಿದನೇ ಎಂದು ಕೇಳುವುದನ್ನೂ ಬಿಟ್ಟುಬಿಟ್ಟೆ.

ಸಂಕ್ರಮಣ ಮುಗಿದ ವಾರ ಒಂದು ದಿನ, ಎಲ್ಲರೂ ಕಣ್ಣು ಮುಚ್ಚಿ ಉಸಿರು ಎಣಿಸುತ್ತಿರುವಾಗ ಮೂಲೆಯಿಂದ "ಯಪ್ಪಾ!" ಎಂಬ ಕೂಗು ಬಂತು. ಓಡಿ ಹೋದೆ. ಕಾಕಾ ಎಡಮಂಡಿ ಹಿಡಿದುಕೊಂಡಿದ್ದರು. ಹಣೆಯ ಮೇಲೆ ಬೆವರು.

"ನೋಯಾಕತ್ತೈತ್ರಿ ಅಕ್ಕಾರ. ಭಾಳ ನೋಯಾಕತ್ತೈತಿ."

ನಾನು ಹುಚ್ಚಿಯಂತೆ ಹಿಗ್ಗಿದೆ. "ಶಾಬ್ಬಾಸ್ ಕಾಕಾ! ಈಗ ನೋಡ್ರಿ ದಾರಿಗೆ ಬಂದ್ರಿ!" ಎಂದು ಚಪ್ಪಾಳೆ ಕೂಡ ತಟ್ಟಿದೆ. ಅವರು ನನ್ನ ಮುಖ ನೋಡಿದರು.

"ಆಕಿಗೂ ಹಿಂಗ ನೊಂದಿತ್ತೇನ್ರಿ?"

ಚಪ್ಪಾಳೆ ನಿಲ್ಲಿಸಿ ಅವರ ಎದುರಿಗೆ ಕೂತೆ. "ಜೀವ ಇಲ್ಲದ ಮೈಗೆ ನೋವು ಎಲ್ಲಿಂದ ಬರಬೇಕ್ರಿ ಕಾಕಾ" ಎಂದೆ. ಅದು ಸತ್ಯವೇ. ಆದರೂ ಹೇಳುವಾಗ ನನ್ನ ದನಿ ನನಗೇ ಸುಳ್ಳು ಹೇಳುವವಳ ದನಿಯಂತೆ ಕೇಳಿಸಿತು. "ಹೌದಲ್ರಿ" ಎಂದು ಅವರು ಕಂಬಳಿ ಸುತ್ತಿಕೊಂಡು ಎದ್ದರು. ಆಮೇಲೆ ಕ್ಲಾಸಿಗೆ ಬರಲಿಲ್ಲ.

ಮೂರು ವಾರ ಕಾದೆ. ಫೋನು ಮಾಡಿದರೆ ಎತ್ತಲಿಲ್ಲ. ನಾಲ್ಕನೆಯ ರವಿವಾರ ಸುರೇಶನಿಗೆ ಉಪ್ಪಿಟ್ಟು ಮಾಡಿಟ್ಟು, ಸಿಟ್ಟು ಕಟ್ಟಿಕೊಂಡು ಹೊನವಾಡದ ಬಸ್ಸು ಹತ್ತಿದೆ. ಮುಖ ನೋಡಿ ನಾಲ್ಕು ಮಾತು ಬೈದೇ ಬರುವುದು ಎಂದು ತಿಕೋಟಾ ದಾಟುವವರೆಗೂ ಮಾತು ಜೋಡಿಸಿಕೊಂಡೆ. ಮನೆ ಹುಡುಕಿಕೊಂಡು ಹೋದರೆ ಸೊಸೆ ಮಹಾನಂದಾ ಬಾಗಿಲಲ್ಲೇ ಸಿಕ್ಕಳು.

"ಮಾವಾರು ಬಾಜೂ ಮನ್ಯಾಗ ಅದಾರ್ರಿ. ದುಂಡವ್ವಾಯಿ ರಾತ್ರಿ ಮಲಗಿದ್ದಲ್ಲೇ ಹೋಗ್ಯಾಳ. ಮಂದಿ ಬಂದು ಕರದ್ರು. ಬರಂಗಿಲ್ಲಂದ್ರು. ಮತ್ತ ತಾವ ಎದ್ದು ಹ್ವಾದ್ರು."

ಪಕ್ಕದ ಮನೆಯ ಅಂಗಳದಲ್ಲಿ ಭಜನೆಯವರು ತಾಳ ಹಿಡಿದು ಕೂತಿದ್ದರು. ಪಡಸಾಲೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ನಾನು ಅವರ ಹಿಂದೆ ನಿಂತೆ. ದುಂಡವ್ವನ ಮೈ ಹಲಗೆಯಂತೆ ಸೆಟೆದಿತ್ತು. ಕಾಕಾ ಅವಳ ಕಾಲ ಬಳಿ ನೆಲದ ಮೇಲೆ ಕೂತು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಅವಳ ಮಂಡಿ ತಿಕ್ಕುತ್ತಿದ್ದರು. ಅವರ ಕಾಲು ಎರಡೂ ಮಡಚಿದ್ದವು, ಒಂದು ಮಂಡಿ ಮಾತ್ರ ನೆಲದಿಂದ ಗೇಣು ಮೇಲಿತ್ತು. ಅದರ ಕಡೆ ಅವರ ಗಮನವೇ ಇರಲಿಲ್ಲ. ಎದುರಿಗೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ ನಲವತ್ತರ ಗಂಡಸು ಮಹಾದೇವ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಮೂಗು, ಹಣೆ ಎಲ್ಲ ಅಪ್ಪನದೇ.

ಸತ್ತವಳ ತಮ್ಮ ಮಾಳು ಒಳಗೆ ಹೊರಗೆ ಓಡಾಡುತ್ತಿದ್ದ. "ಸಂಗಣ್ಣಾ, ಲಗೂ ಮಾಡೋ. ಹೊತ್ತೇರಾಕತ್ತೈತಿ, ಮಂದಿ ಕಾಯಾಕತ್ಯಾರ" ಅಂದ.

"ಆಕಿಗೇನೂ ಅವಸರಿಲ್ಲ. ನಿನಗಿದ್ರ ಹೊರಗ ಹೋಗಿ ಕುಂದರು."

ಮಾಳು ಹೊರಗೆ ಹೋಗಿ ಭಜನೆಯವರ ಪಕ್ಕ ಕೂತ. ಕಾಕಾ ಎಡಗೈಯನ್ನು ದುಂಡವ್ವನ ಮಂಡಿಯ ಕೆಳಗೆ ಇಟ್ಟು, ಬಲಗೈಯಲ್ಲಿ ಹಿಮ್ಮಡಿ ಹಿಡಿದು ಕಾಯುತ್ತ ಕೂತರು. ಒತ್ತಲಿಲ್ಲ. ಸ್ವಲ್ಪ ಸಡಿಲವಾದರೆ ಅಷ್ಟು ಮಡಚುವುದು, ಮತ್ತೆ ಬಿಸಿಬಟ್ಟೆ, ಮತ್ತೆ ಕಾಯುವುದು. ಭಜನೆಯವರು ಎರಡು ಸಲ ಚಹಾ ಕುಡಿದರು. ಎಡಗಾಲೊಂದಕ್ಕೇ ಮುಕ್ಕಾಲು ತಾಸು ಹಿಡಿಯಿತು. ಅದು ಒಳಗೆ ಮಡಚಿಕೊಂಡಿತು. ಒಂದು ಸಪ್ಪಳ ಇಲ್ಲ.

ಕಾಕಾ ಮಡಚಿದ ಆ ಕಾಲಿನ ಮೇಲೆ ಕೈಯಿಟ್ಟರು. ಆಮೇಲೆ ತಲೆಯೆತ್ತದೆಯೇ ಹೇಳಿದರು.

"ಮಡಚತಿತ್ತೋ ಮಾದೇವಾ. ನಿಮ್ಮವ್ವನ ಕಾಲೂ ಮಡಚತಿತ್ತು. ತಪ್ಪು ಆಕಿ ಕಾಲಿಂದಲ್ಲ, ನನ್ನ ಕೈದು."

ಹಾಗೆಂದು, ಅಷ್ಟು ಮಂದಿಯ ಎದುರಿಗೆ ಹೋ ಎಂದು ಅತ್ತುಬಿಟ್ಟರು. ಅಳುತ್ತಿದ್ದ ಹೆಂಗಸರು ಹಾಡು ನಿಲ್ಲಿಸಿ ಅವರನ್ನೇ ನೋಡಿದರು. ಯಾರೂ ಸಮಾಧಾನ ಹೇಳಲು ಹೋಗಲಿಲ್ಲ. ನನ್ನ ಕಣ್ಣೂ ತುಂಬಿತು. ಬೈಯಲು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿರಲಿಲ್ಲ.

ಮಹಾದೇವ ಚೌಕಟ್ಟು ಬಿಟ್ಟು ಒಳಗೆ ಬಂದ. ಅಪ್ಪನನ್ನು ಮುಟ್ಟಲಿಲ್ಲ, ಅವರ ಮುಖವನ್ನೂ ನೋಡಲಿಲ್ಲ. ದುಂಡವ್ವನ ಆಚೆ ಬದಿಗೆ ಹೋಗಿ ಕೂತ. ಕಾಕಾ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ಬಿಸಿಬಟ್ಟೆ ಹಿಂಡಿ ಅವನ ಕೈಗೆ ಕೊಟ್ಟರು.

"ಬಲಗಾಲು ನೀ ಮಾಡು. ನಾಳೆ ನನಗ ನೀನ ಮಾಡಬೇಕಲ್ಲ. ಕೈ ಮ್ಯಾಲ ಬ್ಯಾಡ, ಕೆಳಗಿಡು."

ಮಹಾದೇವ ಬಟ್ಟೆ ಹಿಡಿದು ತಿಕ್ಕಿದ. ಅಂಗೈಯನ್ನು ಮಂಡಿಯ ಕೆಳಗೆ ಇಟ್ಟ. ಎರಡು ವರ್ಷದಿಂದ ಮುಚ್ಚಿದ್ದ ಬಾಯಿ ಆಗ ತೆರೆಯಿತು.

"ಎಷ್ಟೊತ್ತು ಹಿಡೀಲಿ ಯಪ್ಪಾ?"

"ತಾನಾಗಿ ಮಡಚೂತನಕ."