ನಲವತ್ತೊಂದನೆಯ ನೆರಳು

ನನ್ನ ತಂಗಿ ನನಗಿಂತ ಎರಡು ವರ್ಷ ಚಿಕ್ಕವಳು. ನಾನು ಏಳನೆಯ ತರಗತಿಯಲ್ಲಿದ್ದಾಗ ಅವಳಿಗೆ ಅಕ್ಷರಗಳು ಇನ್ನೂ ಕೂಡಿ ಬರುತ್ತಿರಲಿಲ್ಲ. ‘ಕೆಲಸ’ವನ್ನು ‘ಕೆಸಲ’ ಎಂದು ಓದುತ್ತಿದ್ದಳು. ಒತ್ತಕ್ಷರ ಬಂದರೆ ಅದರ ಮೇಲೆ ಬೆರಳಿಟ್ಟುಕೊಂಡು ಕೂತುಬಿಡುತ್ತಿದ್ದಳು. ನಾನು ಪ್ರತಿ ವರ್ಷ ತರಗತಿಗೆ ಮೊದಲನೆಯವಳು. ಪತ್ರ ಬಂದರೆ ಓದುವವಳು ನಾನು, ಔಷಧದ ಚೀಟಿ ನೋಡುವವಳು ನಾನು. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನನಗಂತೂ ಇರಲೇ ಇಲ್ಲ.

ಆಗ ನಾವು ಶಹಾಪುರದ ಹತ್ತಿರ ಕಾಲುವೆ ಇಲಾಖೆಯವರ ಕ್ಯಾಂಪಿನಲ್ಲಿದ್ದೆವು. ಅಪ್ಪನ ಕೆಲಸ ನೀರಿನ ಮಟ್ಟ ನೋಡುವುದು. ಕಾಲುವೆಯ ಗೇಟಿನ ಪಕ್ಕದಲ್ಲಿ ಕಪ್ಪು ಬಿಳಿ ಗೆರೆ ಬಳಿದ ಗೇಜು ಕಂಬಗಳಿದ್ದವು. ಮುಂಜಾನೆ ಸಂಜೆ ಸೈಕಲ್ ಮೇಲೆ ಹೋಗಿ, ನೀರು ಯಾವ ಗೆರೆಗೆ ನಿಂತಿದೆ ಎಂದು ನೋಡಿ ರಜಿಸ್ಟರಿನಲ್ಲಿ ಬರೆಯಬೇಕು. ತಂಗಿ ಎಷ್ಟೋ ಸಲ ಸೈಕಲ್ಲಿನ ಹಿಂದೆ ಕೂತು ಹೋಗುತ್ತಿದ್ದಳು. ನನಗೆ ಓದುವುದಿರುತ್ತಿತ್ತು.

ಮುಂಬೈಯಲ್ಲಿ ಹಡಗಿನ ಸರಕು ಇಳಿಸುವ ಕೆಲಸದಲ್ಲಿದ್ದ ನಮ್ಮ ಸೋದರಮಾವ ಒಂದು ಸಲ ಬಂದಾಗ, ಯಾರೋ ಬಳಸಿ ಬಿಟ್ಟ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಆಟದ ಯಂತ್ರವೊಂದನ್ನು ತಂದುಕೊಟ್ಟ. ಅಂಗೈಯಷ್ಟು ದೊಡ್ಡದು, ಎರಡು ಸೆಲ್ ಹಾಕಬೇಕು. ಒಳಗೆ ಒಂದೇ ಆಟ. ಕಾಡು, ಗುಡ್ಡ, ಗವಿಗಳಲ್ಲಿ ತಿರುಗಿ ವಿಚಿತ್ರ ಪ್ರಾಣಿಗಳನ್ನು ಹುಡುಕಬೇಕು, ಕಾದಾಡಿ ಸುಸ್ತು ಮಾಡಬೇಕು, ಆಮೇಲೆ ಬಲೆ ಬೀಸಿ ಹಿಡಿಯಬೇಕು. ಹಿಡಿದವುಗಳ ಪಟ್ಟಿಯೊಂದಿತ್ತು, ಅರವತ್ತು ಮನೆಗಳದ್ದು. ಹಿಡಿದ ಪ್ರಾಣಿ ಬಣ್ಣದಲ್ಲಿ ಕಾಣುತ್ತಿತ್ತು. ಕಂಡೂ ಹಿಡಿಯದೇ ಇದ್ದದ್ದು ಬರೀ ಕಪ್ಪು ನೆರಳು. ಕಂಡೇ ಇಲ್ಲದ್ದಕ್ಕೆ ಒಂದು ಅಡ್ಡಗೆರೆ. ಅಂಕಿಗಳೇನೋ ನಮಗೆ ತಿಳಿಯುತ್ತಿದ್ದವು. ಉಳಿದ ಬರಹವೆಲ್ಲ ಜಪಾನಿನ ಲಿಪಿ ಎಂದು ಮಾವ ಹೇಳಿದ.

ಮುಂಜಾನೆ ಒಂದು ತಾಸು ನನಗೆ, ಸಂಜೆ ಒಂದು ತಾಸು ತಂಗಿಗೆ ಎಂದು ಅವ್ವ ಹಂಚಿಕೊಟ್ಟಳು. ನಾನು ಇಂಗ್ಲಿಷ್ ಶಬ್ದಕೋಶ ಪಕ್ಕದಲ್ಲಿಟ್ಟುಕೊಂಡು ಕೂತೆ. ಒಂದು ಅಕ್ಷರವೂ ಹೊಂದಲಿಲ್ಲ. ವಾರ ಕಳೆಯುವಷ್ಟರಲ್ಲಿ ಇದು ಓದು ಬಾರದವರ ಆಟ ಎಂದು ತೀರ್ಮಾನಿಸಿದೆ.

ತಂಗಿ ಅಪ್ಪನ ಹಳೆಯ ರಜಿಸ್ಟರಿನ ಹಿಂದಿನ ಹಾಳೆಗಳಲ್ಲಿ ಆ ಗುರುತುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದಳು. ಒಂದು ದಿನ ಹೇಳಿದಳು:

“ಅಕ್ಕಾ, ಕುಡಗೋಲು ಮುರದಂಗ ಐತಿ ನೋಡು, ಇದು ಬಂದಾಗೆಲ್ಲ ಪ್ರಾಣಿ ಮಲಗ್ತದ. ಇದು ನಿದ್ದಿ.”

“ನಿನಗ ಯಾರು ಹೇಳ್ಯಾರ?”

“ಯಾರೂ ಹೇಳಿಲ್ಲ. ಒಂಬತ್ತು ಸಲ ನೋಡೀನಿ.”

ಮರುದಿನ ಮುಂಜಾನೆ ನಾನು ಕದ್ದು ಪರೀಕ್ಷಿಸಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಹೀಗೆ ಒಂದೊಂದೇ ಗುರುತು ಅವಳಿಗೆ ಒಲಿಯಿತು. ಯಾವುದು ನೀರಿನ ಪ್ರಾಣಿ, ಯಾವುದು ಹೆದರಿ ಓಡುತ್ತದೆ, ಯಾವುದು ಹೊತ್ತು ಮುಳುಗುವಾಗ ಮಾತ್ರ ಹೊರಬರುತ್ತದೆ. “ಎರಡು ಕಡ್ಡಿ, ಮ್ಯಾಲೊಂದು ಕೊಕ್ಕಿ ಇದ್ದದ್ದು ಒತ್ತು. ಆಟ ಅಲ್ಲೀತನಕ ನೆನಪಿಟ್ಟುಕೊಳ್ತದ. ಒತ್ತದೆ ಬಂದ್ ಮಾಡಿದ್ರ ಆಡಿದ್ದೆಲ್ಲ ಹೋಗ್ತದ,” ಎಂದು ನನಗೆ ಕಲಿಸಿಕೊಟ್ಟವಳೂ ಅವಳೇ. ನಾನು ಗೊತ್ತಿದ್ದವಳಂತೆ ತಲೆಯಾಡಿಸಿದೆ. ಅವಳ ಪಟ್ಟಿಗೆ ಬಣ್ಣ ಬರುತ್ತ ಹೋದಂತೆ ನನಗೆ ಊಟ ಸೇರದಾಯಿತು. ಇದು ಉತ್ಪ್ರೇಕ್ಷೆಯಲ್ಲ. ರೊಟ್ಟಿ ಮುರಿದು ಕೈಯಲ್ಲಿ ಹಿಡಿದು ಅವಳನ್ನೇ ನೋಡುತ್ತ ಕೂತಿರುತ್ತಿದ್ದೆ.

ಕಡೆಗೆ ಒಂದು ಗವಿ ಉಳಿಯಿತು. ಒಳಗೆ ಕೊಳ, ಕೊಳದಾಚೆ ಮುಚ್ಚಿದ ಬಾಗಿಲು. ನೀರಿನಲ್ಲಿ ಉದ್ದ ಬಾಲದ ಪ್ರಾಣಿಯೊಂದು ಒಂದೇ ಒಂದು ಸಲ ಸುಳಿದು ಬಾಗಿಲೊಳಗೆ ಹೋಗಿತ್ತು. ಪಟ್ಟಿಯ ನಲವತ್ತೊಂದನೆಯ ಮನೆಯಲ್ಲಿ ಅದರ ಕಪ್ಪು ನೆರಳು ಮಾತ್ರ ಇತ್ತು. ಗವಿಯ ಗೋಡೆಯ ಮೇಲೆ ಮೂರು ಸಾಲು ಗೀಟುಗಳು, ನಡುವೆ ಚುಕ್ಕೆಗಳು. ನಾನು ಅವನ್ನು ಅಂಕಿ ಎಂದುಕೊಂಡು ಕೂಡಿಸಿದೆ, ಕಳೆದೆ, ಗುಣಿಸಿದೆ. ಹದಿನೈದು ದಿನ ಅದೇ ಕೆಲಸ.

ಒಂದು ಸಂಜೆ ಅಪ್ಪ ಚಹಾ ಕುಡಿಯುತ್ತ ಕೂತಿದ್ದಾಗ ತಂಗಿ ಯಂತ್ರವನ್ನು ಅವನ ಮುಖದ ಮುಂದೆ ಹಿಡಿದಳು.

“ಅಪ್ಪಾ, ಇದು ನಿನ್ನ ಗೇಜ್ ಕಂಬ ಇದ್ದಂಗಿಲ್ಲೇನು? ಚುಕ್ಕಿ ಎಲ್ಲೈತೋ ಅಲ್ಲೀತನಕ ನೀರು ಇಳೀಬೇಕು. ಮೂರು ಗೇಟ್, ಮೂರು ಮಟ್ಟ.”

ಗವಿಯಲ್ಲಿ ಮೂರು ಹಿಡಿಕೆಗಳಿದ್ದವು. ಅವಳು ಒಂದೊಂದನ್ನೇ ತಿರುಗಿಸಿ ನೀರನ್ನು ಚುಕ್ಕೆಯ ಮಟ್ಟಕ್ಕೆ ತಂದು ನಿಲ್ಲಿಸಿದಳು. ಬಾಗಿಲು ತೆರೆಯಿತು, ಆಚೆಯ ಇನ್ನೊಂದು ಕೊಳದಲ್ಲಿ ಆ ಪ್ರಾಣಿಯ ಬಾಲ ಕಂಡಿತು. ಅಪ್ಪ ಚಹಾದ ಕಪ್ಪು-ಬಸಿ ಕೆಳಗಿಟ್ಟು ಅವಳ ತಲೆ ಹಿಡಿದು ಅಲುಗಿಸಿದ.

“ಇಷ್ಟು ವರ್ಷದಾಗ ನನ್ನ ಕೆಲಸ ತಿಳದದ್ದು ಈ ಮನ್ಯಾಗ ಈಕಿ ಒಬ್ಬಾಕಿಗೆ ನೋಡು,” ಎಂದು ಅವ್ವನಿಗೆ ಕೇಳುವಂತೆ ಹೇಳಿದ.

ನಾನು ಭೂಗೋಳದ ಪುಸ್ತಕ ತೆರೆದುಕೊಂಡು ಅಲ್ಲೇ ಕೂತಿದ್ದೆ. ನನ್ನ ಹತ್ತು ಪ್ರಗತಿಪತ್ರಗಳಿಗೆ ಅಪ್ಪ ಸಹಿ ಮಾಡಿದ್ದ. ಒಮ್ಮೆಯೂ ನನ್ನ ತಲೆಯನ್ನು ಹೀಗೆ ಹಿಡಿದಿರಲಿಲ್ಲ.

ಮರುದಿನ ರವಿವಾರ. ಅವ್ವ ತಂಗಿಯನ್ನು ಕರೆದುಕೊಂಡು ಸುರಪುರಕ್ಕೆ ಅಜ್ಜಿಯನ್ನು ನೋಡಲು ಹೊರಟಳು. ಹೊರಡುವಾಗ ತಂಗಿ ಹೇಳಿದಳು: “ಅಕ್ಕಾ, ನಿನ್ನೆ ನನ್ನ ತಾಸು ಮುಗೀತು, ಆ ಬಾಲದ ಪ್ರಾಣಿ ಎದುರಿಗೇ ಆಟ ನಿಲ್ಲಿಸೀನಿ. ಬಂದ ಮ್ಯಾಲ ಅಪ್ಪನ ಮುಂದ ಹಿಡೀತೀನಿ. ಮುಟ್ಟಬ್ಯಾಡ.”

ಬಸ್ಸು ಹೋದ ಸದ್ದು ಕೇಳಿದ ಮೇಲೆ ನಾನು ಯಂತ್ರ ತೆಗೆದೆ. ಹಾಳು ಮಾಡಬೇಕೆಂದಿರಲಿಲ್ಲ. ನಾನೇ ಹಿಡಿದು, ಅಪ್ಪ ಬಂದಾಗ ತೋರಿಸಬೇಕೆಂದಿತ್ತು. ಕಾದಾಟ ಶುರುವಾಯಿತು. ಇಷ್ಟು ಸುಸ್ತಾದರೆ ಸಾಕು, ಬಲೆ ಬೀಸು ಎಂದು ಹೇಳುವ ಗುರುತು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ತಂಗಿಗೆ ಗೊತ್ತಿತ್ತು. ಕೇಳಿಕೊಳ್ಳಲು ನನಗೆ ಎಂದೂ ಮನಸ್ಸಾಗಿರಲಿಲ್ಲ. ಇನ್ನೊಂದು ಏಟು ಕೊಟ್ಟೆ. ಪ್ರಾಣಿ ಬಿದ್ದಿತು, ಕರಗಿತು, ಕೊಳ ಖಾಲಿಯಾಯಿತು. ಇಂಥವು ಆಟದಲ್ಲಿ ಒಮ್ಮೆ ಮಾತ್ರ ಬರುತ್ತವೆ, ಹೋದರೆ ಮತ್ತೆ ಬರುವುದಿಲ್ಲ.

ನೆನಪಿಡುವ ಗುರುತು ಒತ್ತದೆ ಆಗಲೇ ಬಂದ್ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅದು ನನಗೆ ಚೆನ್ನಾಗಿ ತಿಳಿದಿತ್ತು. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಸುಮಾರು ಹೊತ್ತು ಕೂತಿದ್ದೆ. ಆಮೇಲೆ ಎರಡು ಕಡ್ಡಿ, ಮೇಲೊಂದು ಕೊಕ್ಕೆ ಇದ್ದ ಗುರುತನ್ನು ಒತ್ತಿದೆ.

ಸಂಜೆ ತಂಗಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಂತ್ರ ತೆರೆದಳು. ಖಾಲಿ ಕೊಳ ಕಂಡಿತು. ಅವಳು ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು.

“ಅಕ್ಕಾ, ನೀ ಮುಟ್ಟಿದೇನು?”

“ಇಲ್ಲ. ಸೆಲ್ ಸೋತಾವ, ಅದಕ್ಕ ಹಂಗಾಗಿರಬೇಕು.”

ಅವಳು ನಂಬಿದಳು. ಸೆಲ್ಲುಗಳನ್ನು ಮರುದಿನ ಬಿಸಿಲಿಗಿಟ್ಟು ಕಾಸಿ ಮತ್ತೆ ಹಾಕಿ ನೋಡಿದಳು. ಏನೂ ಬದಲಾಗಲಿಲ್ಲ. ಆಗ ರಜಿಸ್ಟರ್ ತೆಗೆದು, ಗವಿಯ ಗುರುತುಗಳಿದ್ದ ಪುಟದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದು ಕಾಟು ಹಾಕಿದಳು. “ನಾ ತಪ್ಪು ಓದಿರಬೇಕು,” ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮುಂದಿನ ದಿನಗಳಲ್ಲಿ ಹಿಂದಿನ ಪುಟಗಳಿಗೂ ಒಂದೊಂದಾಗಿ ಕಾಟು ಬಿತ್ತು. ನಿದ್ದೆಯ ಗುರುತಿಗೂ ಬಿತ್ತು.

ಅಸೂಯೆಗೆ ಬೇಕಾದದ್ದು ಸಿಕ್ಕಿತ್ತು. ಆದರೆ ಅದು ತಣ್ಣಗಾಗಲಿಲ್ಲ. ಮೂರು ವಾರದ ನಂತರ ಶಾಲೆಯಲ್ಲಿ ಗುರುಗಳು ಅವಳನ್ನು ಓದಲು ಎಬ್ಬಿಸಿದಾಗ ಅವಳು ಪುಸ್ತಕವನ್ನೇ ತೆರೆಯಲಿಲ್ಲವಂತೆ. “ನನಗ ಯಾವ ಅಕ್ಷರಾನೂ ಬರಂಗಿಲ್ಲರಿ” ಎಂದು ಹೇಳಿ ಕೂತಳಂತೆ. ಅವಳ ತರಗತಿಯ ಹುಡುಗಿಯೊಬ್ಬಳು ನಗುತ್ತ ನನಗಿದನ್ನು ಹೇಳಿದಳು.

ಆ ದಿನ ಮನೆಗೆ ಬರುವಾಗ ಕಾಲುವೆಯ ಸೇತುವೆಯ ಮೇಲೆ ಅವಳನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಅವಳು ನೀರಿನ ಕಡೆ ನೋಡುತ್ತ ಕೇಳಿಸಿಕೊಂಡಳು.

“ಬಿದ್ದ ಮ್ಯಾಲ ನೆನಪಿಡೋ ಗುರುತು ಒತ್ತಿದೇನು?”

“ಹೂಂ.”

“ಗೊತ್ತಿದ್ದೂ?”

“ಗೊತ್ತಿದ್ದೂ.”

ಬೈಯುತ್ತಾಳೆಂದು ಕಾದೆ. ಅವಳ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. “ಹಂಗಾರ ನಾ ಓದಿದ್ದು ಖರೇನೇ ಇತ್ತು,” ಎಂದಳು. ಚೀಲ ಹಿಡಿದುಕೊಂಡು ಮನೆಯ ಕಡೆ ಓಡಿದಳು. ಕ್ಷಮೆ ಕೇಳಲು ನಾನು ತಯಾರಿ ಮಾಡಿಕೊಂಡು ಬಂದಿದ್ದ ಮಾತುಗಳು ಅವಳಿಗೆ ಬೇಕಾಗಿರಲೇ ಇಲ್ಲ. ಆ ಓಟವನ್ನು ನೋಡುತ್ತ ನಿಂತಾಗಲೂ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನನಗೆ ಹೊಟ್ಟೆಕಿಚ್ಚೇ ಆಯಿತು. ನಾನು ಓದಿದ ಯಾವ ಸಾಲೂ ಸರಿ ಎಂದು ತಿಳಿದು ನಾನು ಹಾಗೆ ಓಡಿರಲಿಲ್ಲ.

ಅವಳು ಆಟವನ್ನು ಮೊದಲಿನಿಂದ ಮತ್ತೆ ಶುರು ಮಾಡಿದಳು. ಯಂತ್ರವನ್ನು ನನ್ನ ಕೈಗೆ ಮತ್ತೆಂದೂ ಕೊಡಲಿಲ್ಲ. ಕೇಳುವ ಹಕ್ಕೂ ನನಗಿರಲಿಲ್ಲ. ನನ್ನ ಮುಂಜಾನೆಯ ತಾಸೂ ಅವಳದಾಯಿತು. ನಾಲ್ಕು ತಿಂಗಳ ಮೇಲೆ, ಜೋಳದ ಹಿಟ್ಟು ನಾದುತ್ತಿದ್ದ ನನಗೆ ಹೊರಗಿನಿಂದ ಅಪ್ಪನ ನಗು ಕೇಳಿಸಿತು. ಬಾಗಿಲಿಗೆ ಬಂದು ನೋಡಿದೆ. ನಲವತ್ತೊಂದನೆಯ ಮನೆಗೆ ಬಣ್ಣ ಬಂದಿತ್ತು, ಹಿಡಿದ ಪ್ರಾಣಿಗೆ ಹೆಸರಿಡು ಎಂದು ಆಟ ಕೇಳುತ್ತಿತ್ತು. ಅವಳು ಆ ಲಿಪಿಯಿಂದ ಎರಡು ಅಕ್ಷರಗಳನ್ನು, ಬರೀ ಆಕಾರ ಚೆಂದವಿದೆ ಎಂದು, ಆರಿಸಿ ಇಟ್ಟಳು.

“ಏನಂತ ಇಟ್ಟಿ?” ಎಂದು ಅಪ್ಪ ಕೇಳಿದ.

“ಗೊತ್ತಿಲ್ಲ,” ಎಂದಳು ಅವಳು, ಅವನಿಗಿಂತ ಜೋರಾಗಿ ನಗುತ್ತ.

ನನಗೂ ಗೊತ್ತಿರಲಿಲ್ಲ. ಕೈಗೆ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತೇ ಇದ್ದೆ. ಅವರಿಬ್ಬರಲ್ಲಿ ಯಾರೂ ನನ್ನ ಕಡೆ ತಿರುಗಲಿಲ್ಲ.