ಎಣ್ಣೆ ಹಚ್ಚಿದ ರೂಬಿ

ರೂಬಿಯನ್ನು ಅಲುಗದಂತೆ ನಿಲ್ಲಿಸುವುದನ್ನು ಜಲಜ ಕಲಿತದ್ದು ಹೊಳೆ ಕಡಲು ಸೇರುವ ಕೋಡಿಯ ಮರಳಿನ ಮೇಲೆ. ಬೆಳಗಿನ ಮಂಜಿನಲ್ಲಿ ಹೊಳೆ ಯಾವುದು, ಕಡಲು ಯಾವುದು ಎಂದು ತಿಳಿಯುತ್ತಿರಲಿಲ್ಲ. ಜೋಲುಕಿವಿಯ ಕಂದು ನಾಯಿ ಬಾಲ ನೀಡಿ ನಿಂತರೆ, ಅದರ ಗದ್ದಕ್ಕೆ ಬೆರಳು ಕೊಟ್ಟ ಹುಡುಗಿಗೆ ತಾವಿಬ್ಬರೂ ನೆಲ ಬಿಟ್ಟು ಮೆಲ್ಲಗೆ ತೇಲುತ್ತಿರುವಂತೆ ಅನಿಸುತ್ತಿತ್ತು.

ನಾಯಿ ಬಂದರಿನ ಅಧಿಕಾರಿಯಾಗಿದ್ದ ಬಿಳಿಯ ಸಾಹೇಬರದು. ಜಲಜಳ ಅಪ್ಪ ಚಂದಯ್ಯ ಅವರ ದೋಣಿ ನಡೆಸುತ್ತಿದ್ದ. ಮರಿಯಾಗಿದ್ದಾಗಿನಿಂದ ರೂಬಿ ಬೆಳೆದದ್ದು ಜಲಜಳ ಕೈಯಲ್ಲಿ. ನಾಯಿಯ ಮುತ್ತಜ್ಜನವರೆಗಿನ ಹೆಸರುಗಳನ್ನು ಬರೆದ ಕಾಗದವೊಂದನ್ನು ಸಾಹೇಬರು ತೋರಿಸಿದ್ದರು. ತಾಯಿಯ ಕಡೆಯಿಂದ ಬಳಿ, ಅಂದರೆ ಕುಲ, ಎಣಿಸುವ ಮನೆಯ ಸೀತು, ಜಲಜಳ ತಾಯಿ, ಅದನ್ನು ಕೇಳಿ ನಕ್ಕಿದ್ದಳು: "ಅಜ್ಜಂದ್ರ ಹೆಸ್ರೆಲ್ಲ ಇತ್ತ್. ಇದ್ರ ಬಳಿ ಯಾವ್ದಂಬ್ರ್?"

೧೯೪೬ರಲ್ಲಿ ಸಾಹೇಬರು ತಮ್ಮ ದೇಶಕ್ಕೆ ಮರಳಲು ಸಿದ್ಧರಾದರು. ಆ ವರ್ಷ ಕುಂದಾಪುರದ ಕೃಷಿ ಪ್ರದರ್ಶನದಲ್ಲಿ ಎತ್ತು, ಕೋಳಿಗಳ ಜೊತೆ ನಾಯಿಗಳಿಗೂ ಬಹುಮಾನವಿತ್ತು. ರೂಬಿ ಮೊದಲು ಬಂದರೆ ಕಾಫಿ ತೋಟದ ದೊರೆಯೊಬ್ಬರು ಕೊಂಡುಕೊಳ್ಳುತ್ತಾರೆ, ಬಾರದಿದ್ದರೆ ನಿನಗೇ ಇರಲಿ, ಎಂದು ಅವರು ಜಲಜಳಿಗೆ ಹೇಳಿದರು. ಅವಳು ತಲೆಯಾಡಿಸಿದಳು. ಮರುದಿನವೂ ಎಂದಿನಂತೆ ಮರಳಿನ ಮೇಲೆ ನಾಯಿಯನ್ನು ನಿಲ್ಲಿಸಿದಳು. ಕೆಟ್ಟದಾಗಿ ಕಲಿಸುವುದು ಅವಳಿಗೆ ಗೊತ್ತಿರಲಿಲ್ಲ.

ಪ್ರದರ್ಶನದ ಬೆಳಿಗ್ಗೆ ಸೀತು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಅಂಗಳಕ್ಕೆ ಬಂದಳು. ನಾಲ್ಕು ಜನರೆದುರು ನಿಲ್ಲುವ ಜೀವಕ್ಕೆ ಎಣ್ಣೆ ಹಚ್ಚದೆ ಕಳಿಸುವುದು ಆ ಮನೆಯಲ್ಲಿ ಇರಲಿಲ್ಲ. ಕೂದಲು ಹಗುರವಾಗಿ ಹಾರಬೇಕು, ಎಣ್ಣೆ ತಾಗಿದರೆ ಬಹುಮಾನ ಹೋಯಿತು ಎಂದು ಸಾಹೇಬರು ಎರಡು ಸಲ ಎಚ್ಚರಿಸಿದ್ದು ಜಲಜಳಿಗೆ ಮಾತ್ರ. ಅವಳು ತಾಯಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಗಟ್ಟಿ ಹಿಡ್ಕೊ, ಹೆಣ್ಣೆ," ಎಂದಳು ಸೀತು.

ಜಲಜ ಗಟ್ಟಿಯಾಗಿ ಹಿಡಿದುಕೊಂಡಳು. ತಾಯಿಯ ಅಂಗೈ ಬೆನ್ನಿನ ಮೇಲೆ ಹೋಗಿ ಬಂದು ಮಾಡುತ್ತಿದ್ದಂತೆ ರೂಬಿ ಕಣ್ಣು ಮುಚ್ಚಿತು. ಎಳೆಬಿಸಿಲು, ಎಣ್ಣೆಯ ವಾಸನೆ, ದೂರದ ಅಲೆಯ ಸದ್ದು ಎಲ್ಲ ಸೇರಿ, ಆ ಹೊತ್ತು ಮುಗಿಯುವಂಥದ್ದೇ ಅಲ್ಲವೆಂಬಂತೆ ಹರಡಿಕೊಂಡಿತು.

ಮೈದಾನದಲ್ಲಿ ರೂಬಿ ಕಲ್ಲಿನ ಗೊಂಬೆಯಂತೆ ನಿಂತಿತು. ತೀರ್ಪು ಕೊಡಲು ಬಂದಿದ್ದ ದನದ ಡಾಕ್ಟರು ಅದರ ಬೆನ್ನು ಸವರಿ, ಅಂಗೈ ನೋಡಿಕೊಂಡು, ಕರವಸ್ತ್ರ ತೆಗೆದರು. ಸುತ್ತಲಿನವರು ನಕ್ಕರು. ಸಾಹೇಬರು ನಗಲಿಲ್ಲ. ಜಲಜಳ ಮುಖವನ್ನೇ ಒಂದಷ್ಟು ಹೊತ್ತು ನೋಡಿದರು, ಹಗ್ಗವನ್ನು ಅವಳ ಕೈಯಲ್ಲೇ ಬಿಟ್ಟು ನಡೆದರು. ಮತ್ತೆ ಅವಳೊಡನೆ ಮಾತಾಡಲಿಲ್ಲ.

ಬಹುಮಾನ ತಪ್ಪಿತು, ನಾಯಿ ಜಲಜಳಿಗೆ ಉಳಿಯಿತು. ಆದರೆ ಸೀತು ಕುಗ್ಗಿದಳು. ತನ್ನ ಪಾಲಿನ ಮೀನನ್ನು ಮುಳ್ಳು ಬಿಡಿಸಿ ದಿನವೂ ರೂಬಿಗೆ ಹಾಕುತ್ತಿದ್ದಳು. ನೆಂಟರು ಬಂದಾಗಲೆಲ್ಲ ಅದೇ ಮಾತು: "ನನ್ ಎಣ್ಣಿಂದ ಮಗಿನ್ ಬಹುಮಾನ ಹೋಯ್ತ್."

ಮೂರು ವರ್ಷ ಜಲಜ ಅದನ್ನು ಕೇಳಿಸಿಕೊಂಡಳು. ಮದುವೆ ಗೊತ್ತಾದ ವಾರ, ಊಟಕ್ಕೆ ಕೂತಾಗ ತಾಯಿಗೆ ಹೇಳಿಬಿಟ್ಟಳು: "ಅಬ್ಬಿ, ಎಣ್ಣಿ ಹಚ್ರೆ ಬಹುಮಾನ ಹೋತ್ತ್ ಅಂದೇಳಿ ನಂಗೆ ಮೊದ್ಲೇ ಗೊತ್ತಿತ್ತ್."

ಸೀತು ಮಗಳ ತಟ್ಟೆಯಲ್ಲಿದ್ದ ಮೀನಿನ ತುಂಡನ್ನು ಎತ್ತಿಕೊಂಡು, ಮುಳ್ಳು ಬಿಡಿಸಿ, ಬಾಗಿಲಲ್ಲಿ ಕಾಯುತ್ತಿದ್ದ ರೂಬಿಗೆ ಹಾಕಿದಳು. ಆ ದಿನ ತನ್ನ ತುಂಡನ್ನು ತಾನೇ ತಿಂದಳು.